ಟರ್ನಿಪ್ ಫ್ಲ್ಯಾಟಿನ ಅರ್ಧ ಹಾಳೆ

ಮೆರಿಟ್ ತನ್ನ ಸಂಗ್ರಹವನ್ನೆಲ್ಲ ಕೈಬಿಡುತ್ತಾನಂತೆ ಎಂಬ ಸುದ್ದಿ ಆರ್ಡಿತ್ ಪೆನ್‌ಹೇಲ್‌ಗೆ ಸಿಕ್ಕಿದ್ದು ಗ್ರಾಸ್ ವ್ಯಾಲಿಯ ಪೇಸ್ಟಿ ಅಂಗಡಿಯಲ್ಲಿ. ಮೆರಿಟ್ ಅವಳ ಒಡಹುಟ್ಟಿದ ತಮ್ಮ. ಆದರೂ ಅವನ ಸುದ್ದಿ ಅವಳಿಗೆ ಊರವರ ಬಾಯಿಂದಲೇ ಬರಬೇಕಿತ್ತು. ಅಕ್ಕ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಸುದ್ದಿ ತಂದವಳು ಬರ್ನೀಸ್, ಹಳೇ ಕಾಗದ ಸಂಗ್ರಾಹಕರ ಕೂಟದ ಕಾರ್ಯದರ್ಶಿ. ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ ಬಿಸಿ ಪೇಸ್ಟಿಯನ್ನು ಊದಿ ಊದಿ ತಿನ್ನುತ್ತಾ ಹೇಳಿದಳು.

"ಕಣ್ಣು ಹೋಗ್ತಾ ಇದೆಯಂತೆ ಕಣೇ. ನಡುವೆ ಏನೂ ಕಾಣಲ್ಲ, ಅಂಚಲ್ಲಿ ಮಾತ್ರ ಒಂಚೂರು ಬೆಳಕು. ಮೊನ್ನೆ ನನ್ನನ್ನೇ ಎದುರಿಗೆ ನಿಲ್ಲಿಸ್ಕೊಂಡು ಯಾರು ನೀವು ಅಂದ. ಶನಿವಾರ ಕೂಟದ ಸುತ್ತಿನಲ್ಲಿ ಕೊಟ್ಟುಬಿಡೋಕೆ ಎಲ್ಲ ತರ್ತಾನೆ."

"ಎಲ್ಲ ಅಂದ್ರೆ?"

"ನೀನು ಏನು ಕೇಳ್ತಿದ್ದೀಯ ಅಂತ ನಂಗೆ ಗೊತ್ತಿಲ್ವಾ? ಅದನ್ನೂ ತರ್ತಾನೆ. ಸ್ಟ್ರಾಂಡ್ ಡಾಕ್ಟ್ರು ಆಗಲೇ ಅದಕ್ಕೆ ತಮ್ಮ ಗೋಡೇಲಿ ಜಾಗ ಮಾಡ್ಕೊಂಡಿದ್ದಾರೆ."

ಆರ್ಡಿತ್ ತನ್ನ ಪೇಸ್ಟಿಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದಳು.

'ಅದು' ಅಂದರೆ ಒಂದು ಅರ್ಧ ಹಾಳೆ. ಇನ್ನರ್ಧ ಆರ್ಡಿತ್‌ಳ ಮನೆಯ ಕತ್ತಲೆ ಡ್ರಾಯರಿನಲ್ಲಿತ್ತು. ಚಿನ್ನದ ಹುಚ್ಚಿಗೆ ಜನ ಈ ಬೆಟ್ಟಗಳಿಗೆ ನುಗ್ಗಿದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮುದ್ರಕರು ತೆಳು ನೀಲಿಯ ಜೋಡಿ ಹಾಳೆಗಳನ್ನು ಅಚ್ಚು ಹಾಕುತ್ತಿದ್ದರು. ಪುಸ್ತಕದ ಹಾಗೆ ಮಡಚಿದರೆ ಮುಂದಿನ ಮುಖದಲ್ಲಿ ಚಿತ್ರ: ಹೊಳೆಯಲ್ಲಿ ಮರಳು ಜಾಲಿಸುವವರು, ಹತ್ತಿ ಉರಿಯುವ ಪಟ್ಟಣ, ಭಾನುವಾರ ಅಂಗಿ ಒಗೆಯುವ ಗಡ್ಡದವರು. ಒಳಗಿನ ಎರಡು ಮುಖಗಳಲ್ಲಿ ಮನೆಗೆ ಬರೆಯಬೇಕು. ಹಿಂದಿನ ಮುಖದಲ್ಲಿ ವಿಳಾಸ, ಅಂಚೆಯ ಮುದ್ರೆ. ಬರೆದವರೂ ಹೋದರು, ಓದಿದವರೂ ಹೋದರು. ಉಳಿದದ್ದು ಆ ಕಾಗದಗಳು, ಮತ್ತೆ ಅವುಗಳಿಗಾಗಿ ಕಚ್ಚಾಡುವ ಪೆನ್‌ಹೇಲ್‌ರಂಥವರು.

ಕಚ್ಚಾಟದ ಬೀಜ ಬಿತ್ತಿದ್ದು ಪಾಪ ಅವರ ಅಪ್ಪನೇ. ಮುದುಕ ಜೀವಮಾನವಿಡೀ ಕೂಡಿಟ್ಟು, ಸಾಯುವ ಮುಂಚೆ ಬಹಳ ಜಾಣತನದಿಂದ ಹಂಚಿದ್ದೇನೆ ಎಂದುಕೊಂಡ. ಚಿತ್ರಗಳು ಮೆರಿಟ್‌ಗೆ, ಯಾಕೆಂದರೆ ಅವನಿಗೆ ಚಿತ್ರದ ಹುಚ್ಚು. ಅಂಚೆಯ ಮುದ್ರೆ ಬಿದ್ದ ಹಾಳೆಗಳು ಆರ್ಡಿತ್‌ಗೆ, ಯಾಕೆಂದರೆ ಅವಳಿಗೆ ಮುದ್ರೆಯ ಹುಚ್ಚು. ಮೆರಿಟ್‌ನ ಮಟ್ಟಿಗೆ ಹಾಳೆಯ ಮೇಲೆ ಬರೆದವನು ಒಂದು ಒಳ್ಳೆಯ ಚಿತ್ರವನ್ನು ಕೆಡಿಸಿದವನು. ಆರ್ಡಿತ್‌ಳ ಮಟ್ಟಿಗೆ ಬರೆಯದ ಹಾಳೆ ಎಲ್ಲಿಗೂ ಹೋಗದೆ ಅಂಗಡಿಯಲ್ಲೇ ಕೊಳೆತ ಸರಕು. ಹಂಚಿಕೆ ನಿಜಕ್ಕೂ ಸಲೀಸಾಗಿ ನಡೆಯಿತು, ಟರ್ನಿಪ್ ಫ್ಲ್ಯಾಟ್ ಎಂಬ ಊರಿನ ಕಾಗದ ಕೈಗೆ ಬರುವವರೆಗೆ.

ಆ ಕಾಗದದ ಮುಂದೆ ಅಂಗಿ ಒಗೆಯುವ ಗಡ್ಡದವರ ಚಿತ್ರವಿತ್ತು, ಅಂಥ ಅಚ್ಚು ಮತ್ತೆಲ್ಲೂ ಸಿಕ್ಕಿರಲಿಲ್ಲ. ಹಿಂದೆ ಟರ್ನಿಪ್ ಫ್ಲ್ಯಾಟಿನ ಮುದ್ರೆಯಿತ್ತು. ಆ ಊರು ಈಗ ಅಣೆಕಟ್ಟಿನ ನೀರಿನ ತಳದಲ್ಲಿದೆ, ಅದರ ಮುದ್ರೆಯೂ ಮತ್ತೆಲ್ಲೂ ಇಲ್ಲ. ಚಿತ್ರ ನನ್ನದು ಎಂದ ಮೆರಿಟ್. ಮುದ್ರೆ ನನ್ನದು ಎಂದಳು ಆರ್ಡಿತ್. ಅಪ್ಪನ ಅಡುಗೆಮನೆಯ ಮೇಜಿನ ಮುಂದೆ ಸಂಜೆಯವರೆಗೆ ವಾದ ನಡೆಯಿತು. ಕೊನೆಗೆ ಮೆರಿಟ್, "ಹಂಗಾದ್ರೆ ಕೊಯ್ದು ಹಾಕು, ನೋಡೋಣ" ಎಂದ.

ಆರ್ಡಿತ್ ಅಪ್ಪನ ಕಾಗದದ ಚೂರಿ ತೆಗೆದುಕೊಂಡು ಮಡಿಕೆಯ ಗುಂಟ ಕೊಯ್ದೇಬಿಟ್ಟಳು.

ಸಂಗ್ರಾಹಕರ ಲೋಕದಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಕೊಲೆಯಾದರೆ ಯಾಕೆ ಮಾಡಿದೆ ಎಂದಾದರೂ ಕೇಳುತ್ತಾರೆ. ಚಿತ್ರ ಅವನ ಪಾಲಿಗೆ ಹೋಯಿತು, ಅದರ ಬೆನ್ನಿಗಿದ್ದ ಕಾಗದದ ಮೊದಲರ್ಧವೂ ಹೋಯಿತು. ಮುದ್ರೆ ಅವಳಿಗೆ ಬಂತು, ಜೊತೆಗೆ ಕಾಗದದ ಕೊನೆಯರ್ಧ. ಮೆರಿಟ್ ಅವತ್ತೇ ಕಾರು ಹತ್ತಿ ತಾನಿದ್ದ ಊರು ಆಬರ್ನ್‌ಗೆ ಹೋದವನು ಮತ್ತೆ ಅಕ್ಕನ ಮನೆಯ ಮೆಟ್ಟಿಲು ತುಳಿಯಲಿಲ್ಲ. ಕೂಟದಲ್ಲಿ ಅವನು ಬರುವ ದಿನ ಇವಳಿಲ್ಲ, ಇವಳು ಬರುವ ದಿನ ಅವನಿಲ್ಲ.

ಶನಿವಾರದ ಮಟ್ಟಿಗೆ ಆರ್ಡಿತ್‌ಳ ಲೆಕ್ಕಾಚಾರ ಸ್ಪಷ್ಟವಾಗಿತ್ತು. ಆ ಅರ್ಧ ಸ್ಟ್ರಾಂಡ್ ಡಾಕ್ಟರ ಕೈ ಸೇರಕೂಡದು, ತನ್ನ ಕೈ ಸೇರಬೇಕು. ಡಾಕ್ಟರು ಹಲ್ಲಿನ ವೈದ್ಯಕೀಯ ಬಿಟ್ಟ ಮೇಲೆ ಚಿತ್ರ ಕೂಡಿಡಲು ಶುರುಮಾಡಿದವರು, ಹಿಡಿದದ್ದನ್ನು ಬಿಟ್ಟವರಲ್ಲ. ಅಲ್ಲಿಗೆ ಹೋದರೆ ಮುಗಿಯಿತು. ನಿನಗೆ ಅರ್ಧ ಹಾಳೆ ಬೇಕೋ ತಮ್ಮ ಬೇಕೋ ಎಂದು ಯಾರಾದರೂ ಕೇಳಿದ್ದರೆ ಆರ್ಡಿತ್ ಹಾಳೆ ಎಂದೇ ಹೇಳುತ್ತಿದ್ದಳು, ಮತ್ತು ಅದು ಸುಳ್ಳಾಗಿರುತ್ತಿತ್ತು. ಎರಡು ಅರ್ಧಗಳು ಎರಡು ಮನೆಗಳಲ್ಲಿ ಇರುವವರೆಗೆ ಅವರಿಬ್ಬರ ನಡುವೆ ಜಗಳವಾದರೂ ಇತ್ತು. ಅವನದು ಪರರ ಗೋಡೆ ಸೇರಿದರೆ ಜಗಳವೂ ಇಲ್ಲ, ಮೆರಿಟ್ ಬರೀ ಆಬರ್ನ್‌ನಲ್ಲಿರುವ ಒಬ್ಬ ಮುದುಕ. ಅದನ್ನು ನೆನೆದರೆ ಅವಳಿಗೆ ಹೆದರಿಕೆಯಾಗುತ್ತಿತ್ತು. ಹೊರಡುವಾಗ ತನ್ನ ಅರ್ಧವನ್ನೂ ರಟ್ಟಿನ ನಡುವೆ ಇಟ್ಟು ಕೈಚೀಲಕ್ಕೆ ಹಾಕಿಕೊಂಡಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಚರ್ಚಿನ ಹಿಂದಿನ ಕೋಣೆಯಲ್ಲಿ ಉದ್ದ ಮೇಜಿನ ಸುತ್ತ ಎಲ್ಲರೂ ಕೈ ತೊಳೆದು ಕೂತಿದ್ದರು. ಸಂಗ್ರಹ ಕೈಬಿಡುವವನು ತಲೆಕಡೆ ಕೂರುತ್ತಾನೆ. ಒಂದೊಂದೇ ಹಾಳೆಯನ್ನು ಎಡಕ್ಕೆ ಕೊಡುತ್ತಾನೆ, ಅದು ಕೈಯಿಂದ ಕೈಗೆ ಸುತ್ತುತ್ತದೆ. ಬೇಕೆನಿಸಿದವನು ಮುಂದಕ್ಕೆ ಕೊಡದೆ ತನ್ನೆದುರು ಬೋರಲು ಹಾಕುತ್ತಾನೆ, ಅಲ್ಲಿಗೆ ಅದು ಅವನದು. ಬೆಲೆಯ ಮಾತು ಆ ಮೇಜಿನಲ್ಲಿ ಬರುವಂತಿಲ್ಲ. ಯಾರೂ ಹಿಡಿಯದೆ ಸುತ್ತು ಮುಗಿಸಿ ಯಜಮಾನನ ಕೈಗೇ ವಾಪಸು ಬಂದರೆ ಅದು ಅವನಲ್ಲೇ ಉಳಿಯಬೇಕು, ಮತ್ತೆ ಮಾರುವಂತಿಲ್ಲ. ಇನ್ನೊಂದು ಕಟ್ಟಳೆ: ಬರಹವಿರುವ ಹಾಳೆ ಬೇಕೆನ್ನುವವನು ಅದನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಬರೆದವನ ಮಾತು ಒಮ್ಮೆ ಕೋಣೆಯಲ್ಲಿ ಕೇಳಿಸದೆ ಕೈ ಬದಲಾಗಬಾರದು ಎಂಬುದು ಹಿರಿಯರು ಹಾಕಿದ ಪದ್ಧತಿ.

ಆರ್ಡಿತ್ ಬಂದಾಗ ಉಳಿದಿದ್ದು ಒಂದೇ ಕುರ್ಚಿ, ಮೆರಿಟ್‌ನ ಬಲಗಡೆಯದು, ಸುತ್ತಿನಲ್ಲಿ ಕೊನೆಯದು. ಬರ್ನೀಸ್ ಬೇಕೆಂದೇ ಅದನ್ನು ಖಾಲಿ ಬಿಟ್ಟಿದ್ದಳು. ಎಲ್ಲರೂ ಒಮ್ಮೆ ತಲೆ ಎತ್ತಿ, ನೋಡಿ, ಏನೂ ನೋಡಲಿಲ್ಲವೆಂಬಂತೆ ತಲೆ ತಗ್ಗಿಸಿದರು. ಮೆರಿಟ್ ತುಂಬ ತೆಳ್ಳಗಾಗಿದ್ದ. ಕೊರಳಪಟ್ಟಿ ದೊಡ್ಡದಾಗಿ ಕುತ್ತಿಗೆ ಒಳಗೆಲ್ಲೋ ಇತ್ತು. ಅವಳು ಕೂತ ಸದ್ದಿಗೆ ಇತ್ತ ತಿರುಗಿ, ಅವಳ ಕಿವಿಯ ಪಕ್ಕಕ್ಕೆಲ್ಲೋ ನೋಡುತ್ತಾ ಮುಗುಳ್ನಕ್ಕ.

"ತಡವಾಯ್ತಲ್ಲ ನಿಮಗೆ. ಆ ಕಾಫಿ ಬಟ್ಟಲನ್ನ ಸ್ವಲ್ಪ ಈಚೆ ತಳ್ತೀರಾ?"

ಆರ್ಡಿತ್ ಬಟ್ಟಲನ್ನು ಅವನ ಕೈಗೆ ತಾಗುವಂತೆ ಸರಿಸಿದಳು.

"ದೊಡ್ಡ ಉಪಕಾರ" ಎಂದ ತಮ್ಮ, ಪರರಿಗೆ ಹೇಳುವ ಹಾಗೆ. ಬೈದಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು.

ಸುತ್ತು ಶುರುವಾಯಿತು. ಮೆರಿಟ್ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿ, "ಇದು ಬೆಂಕಿಯದು," "ಇದು ಹೇಸರಗತ್ತೆಯದು" ಎಂದು ಹೇಳಿ ಎಡಕ್ಕೆ ಕೊಡುತ್ತಿದ್ದ. ಕಾಗದದ ದಪ್ಪದಲ್ಲೇ ಅವನಿಗೆ ಗುರುತು ಸಿಗುತ್ತಿತ್ತು. ಬೆಂಕಿಯದನ್ನು ಬರ್ನೀಸ್ ಬೋರಲು ಹಾಕಿಕೊಂಡಳು. ಹೇಸರಗತ್ತೆಯದು ಯಾರಿಗೂ ಬೇಡವಾಗಿ ಆರ್ಡಿತ್‌ಳವರೆಗೆ ಬಂತು, ಅವಳು ಅದನ್ನು ತಮ್ಮನ ಕೈಗೆ ಕೊಟ್ಟಳು. ಅವನು ಮೂಗು ಮುರಿದ.

"ಕತ್ತೆನ ಯಾರೂ ಕೇಳಲ್ಲ. ಸರಿ, ನಂಜೊತೆನೇ ಇರ್ಲಿ. ಇಬ್ಬರಿಗೂ ವಯಸ್ಸಾಯ್ತು."

ಎಲ್ಲರೂ ನಕ್ಕರು. ಆರ್ಡಿತ್ ತನ್ನ ನಗು ಅವನಿಗೆ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದಳು.

ಕೊನೆಗೆ ಅವನು ಚೌಕಟ್ಟಿನಿಂದ ಬಿಡಿಸಿದ್ದ ಒಂಟಿ ಹಾಳೆಯನ್ನು ಎತ್ತಿಕೊಂಡ. ಅದನ್ನು ಮಾತ್ರ ಏನೆಂದು ಹೇಳಲಿಲ್ಲ. ಸ್ವಲ್ಪ ಹೊತ್ತು ಹಿಡಿದಿದ್ದು ಎಡಕ್ಕೆ ಕೊಟ್ಟ. ಬರ್ನೀಸ್ ನೋಡದೆಯೇ ದಾಟಿಸಿದಳು. ಆಚೆಯವರೂ ದಾಟಿಸಿದರು. ಆರ್ಡಿತ್‌ಳ ಪಕ್ಕದಲ್ಲಿದ್ದ ಸ್ಟ್ರಾಂಡ್ ಡಾಕ್ಟರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಹಿಂಬದಿಗೆ ತಿರುಗಿಸಿ ಓದತೊಡಗಿದರು. ಅಂದರೆ ಹಿಡಿಯುವವರೇ. ಅವರು ಬೋರಲು ಹಾಕಿದರೆ ಆರ್ಡಿತ್‌ಳ ಸರದಿಯೇ ಇಲ್ಲ.

"'ಪ್ರೀತಿಯ ಅಣ್ಣ,'" ಎಂದು ಓದಿದರು ಡಾಕ್ಟರು, "'ಇಲ್ಲಿ ಎಲ್ಲ ಕ್ಷೇಮ. ದಿನಾ ಹುರುಳಿ, ಭಾನುವಾರ ಹುರುಳಿಯ ಜೊತೆ ಹಂದಿಮಾಂಸ. ಈ ಚಿತ್ರದಲ್ಲಿರುವವರಂತೆ ನಾವೂ ಅಂಗಿ ಒಗೆಯುತ್ತೇವೆ, ಆದರೆ ಇಷ್ಟು ಖುಷಿಯಿಂದ ಅಲ್ಲ. ಚಿನ್ನ ಸಿಗುವುದು ಪಕ್ಕದವನಿಗೆ. ನೀರು ಎಷ್ಟು ತಣ್ಣಗಿದೆ ಎಂದರೆ ಸಂಜೆಗೆ ಕಾಲು ನನ್ನದೇ ಎಂದು ನಂಬಿಕೆ ಬರುವುದಿಲ್ಲ. ಅಮ್ಮನಿಗೆ ಹೇಳು, ಅವಳು ಹೆಣೆದು ಕೊಟ್ಟ ಕಾಲುಚೀಲ ಇನ್ನೂ...'"

ಡಾಕ್ಟರು ಅಲ್ಲಿಗೆ ನಿಂತರು. ಹಾಳೆ ಅಲ್ಲಿಗೆ ಮುಗಿದಿತ್ತು. ಇಲ್ಲದ ಅರ್ಧ ಎಲ್ಲಿದೆ ಎಂದು ಮೇಜಿನ ಸುತ್ತ ಕೂತವರಿಗೆಲ್ಲ ಗೊತ್ತಿತ್ತು.

"ಹರಿದಿಲ್ಲ," ಎಂದಳು ಆರ್ಡಿತ್. ತನ್ನ ಅರ್ಧ ಅವಳಿಗೆ ಬಾಯಿಪಾಠವಾಗಿತ್ತು. "'ಹರಿದಿಲ್ಲ, ಯಾಕೆಂದರೆ ನಾನು ಅದನ್ನು ಹಾಕಿಕೊಂಡೇ ಇಲ್ಲ. ಇಂಥ ನೀರಿಗೆ ಅಷ್ಟು ಒಳ್ಳೆಯದನ್ನು ಇಳಿಸಲು ಮನಸ್ಸು ಬರಲಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಹಾಕಿಕೊಂಡಿದ್ದೇನೆ ಎಂದೇ ಅವಳಿಗೆ ಹೇಳು.'"

ಮೆರಿಟ್‌ನ ಕೈ ಕಾಫಿ ಬಟ್ಟಲಿನ ಮೇಲೆ ಹಾಗೇ ನಿಂತಿತು.

"ಆರ್ಡಿ?"

"ಹೂಂ."

"ಆಗ್ಲಿಂದ ಇಲ್ಲೇ ಇದ್ದೀಯಾ?"

"ಕಾಫಿ ತಳ್ಳಿದ್ದು ನಾನೇ."

ಡಾಕ್ಟರು ಹಾಳೆಯ ಕೊಯ್ದ ಅಂಚನ್ನು ನೋಡಿದರು. ಆಮೇಲೆ ಅದನ್ನು ಬೋರಲು ಹಾಕದೆ ಆರ್ಡಿತ್‌ಳತ್ತ ಚಾಚಿದರು.

"ನಿಮಗೆ ಬೇಕಿತ್ತಲ್ಲ ಡಾಕ್ಟ್ರೇ?" ಎಂದಳು ಬರ್ನೀಸ್.

"ಬೇಕಿತ್ತು. ಜೀವಮಾನವಿಡೀ ಹಲ್ಲು ಕಿತ್ತಿದ್ದೀನಿ ಬರ್ನೀಸ್, ಇನ್ನು ಕೀಳೋದು ಸಾಕು."

ಅಂತೂ ಹಾಳೆ ಆರ್ಡಿತ್‌ಳ ಕೈಗೆ ಬಂತು. ಬೋರಲು ಹಾಕಿದರಾಯಿತು, ಅವಳದು. ಇಷ್ಟು ವರ್ಷ ಕಾದಿದ್ದು ಇದಕ್ಕೇ. ಅವಳು ಪಕ್ಕಕ್ಕೆ ನೋಡಿದಳು. ಮೆರಿಟ್ ಕತ್ತು ಓರೆ ಮಾಡಿಕೊಂಡು, ಕಣ್ಣಂಚಿನ ಬೆಳಕಿನಲ್ಲಿ ಅಕ್ಕನ ಆಕಾರ ಸಿಗುತ್ತದೋ ಎಂದು ಹುಡುಕುತ್ತಿದ್ದ. ಕಾಗದ ಬೋರಲಾಗುವ ಸಪ್ಪಳಕ್ಕೂ ಅವನು ಕಿವಿಗೊಟ್ಟಿದ್ದ.

ಆರ್ಡಿತ್ ಕೈಚೀಲದಿಂದ ರಟ್ಟು ತೆಗೆದಳು. ತನ್ನ ಅರ್ಧವನ್ನು ಅವನ ಅರ್ಧದ ಕೆಳಗೆ ಇಟ್ಟು, ಎರಡನ್ನೂ ಒಟ್ಟಿಗೆ ಅವನ ಕೈಗೆ ಕೊಟ್ಟಳು.

ಅವನ ಬೆರಳುಗಳಿಗೆ ಕೂಡಲೇ ತಿಳಿಯಿತು. "ಎರಡಿದೆ."

"ಹೌದು."

"ಸುತ್ತು ಮುಗಿಸಿ ನನ್ನ ಕೈಗೆ ಬಂದ್ರೆ ನಂದೇ ಆಗುತ್ತೆ. ಕಟ್ಟಳೆ ಮರೆತ್ಯಾ? ನೀನು ಬಂದಿದ್ದು ನಂದನ್ನ ತಗೊಂಡು ಹೋಗೋಕೆ ತಾನೇ?"

"ಅದಕ್ಕೇ ಬಂದಿದ್ದು. ಈಗ ಬೇಡ ಅನ್ನಿಸ್ತು. ಸುಮ್ನಿರು."

ಅವನು ಎರಡು ಅಂಚುಗಳನ್ನು ಮೇಜಿನ ಮೇಲೆ ಕೂಡಿಸಿ, ಸಂದಿನ ಗುಂಟ ಹೆಬ್ಬೆರಳನ್ನು ನಿಧಾನ ಓಡಿಸಿದ.

"ಸೊಟ್ಟ ಇದೆ. ಇಲ್ನೋಡು, ನಡುವೆ ಹಾವಿನ ಥರ ಹೋಗಿದೆ. ಅಳ್ತಾ ಕೊಯ್ದೆ ನೀನು."

"ನಾನೆಲ್ಲಿ ಅತ್ತೆ? ನೀನು ಮೇಜು ಗುದ್ದುತಿದ್ದೆ."

"ಗುದ್ದಲಿಲ್ಲ."

"ಅಪ್ಪನ ಬಟ್ಟಲು ಕೆಳಗೆ ಬಿತ್ತಲ್ಲ, ಅದು ತಾನಾಗೇ ಹಾರಿ ಬಿತ್ತಾ?"

"ಬಟ್ಟಲು ಬಿದ್ದಿದ್ದು ನಿಜ," ಎಂದ ಮೆರಿಟ್. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ. "ಬಣ್ಣ ಹೊಂದುತ್ತಾ? ಕಿಟಕಿಗೆ ಎದುರಾಗಿ ತೂಗುಹಾಕಿದ್ದೆ. ಬಿಸಿಲು ಬೀಳುತ್ತೆ ಅಂತ ಎಲ್ಲರೂ ಹೇಳಿದ್ರು. ಅಲ್ಲಿ ಹಾಕಿದ್ರೆ ಹಾಸಿಗೇಲಿ ಮಲಗಿದ್ದಾಗ್ಲೂ ಕಾಣೋದು, ಅದಕ್ಕೆ."

ಆರ್ಡಿತ್ ನೋಡಿದಳು. ಅವಳ ಅರ್ಧ ಕತ್ತಲೆಯಲ್ಲಿದ್ದು ಅವತ್ತಿನಷ್ಟೇ ನೀಲಿಯಾಗಿತ್ತು. ಅವನದು ಬಿಸಿಲಿಗೆ ಬಾಡಿ ಒಣಗಿದ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಒಂದೇ ಹಾಳೆಯೆಂದು ಯಾರೂ ನಂಬುವಂತಿರಲಿಲ್ಲ. ಆ ಸೊಟ್ಟ ಗೆರೆ ಮಾತ್ರ ಒಂದರೊಳಗೊಂದು ಸರಿಯಾಗಿ ಕೂತಿತ್ತು.

"ಹೊಂದುತ್ತೆ," ಎಂದಳು.

ಸ್ಟ್ರಾಂಡ್ ಡಾಕ್ಟರು ತಲೆ ಎತ್ತಿ ಹಾಳೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಮೆರಿಟ್ ಎರಡೂ ತುಂಡುಗಳನ್ನು ಅಕ್ಕನ ಕಡೆಗೆ ಸರಿಸಿದ. "ಹಂಗಾದ್ರೆ ಓದು. ಮೊದಲಿಂದ ಓದಬೇಕು. ಅಪ್ಪನ ಹಾಗೆ ಮೂಗಲ್ಲಿ ಓದಬೇಡ. ಗುರುವಾರ ಆಬರ್ನ್‌ಗೆ ಬಂದು ಇನ್ನೊಂದ್ಸಲ ಓದು, ನಂಗೆ ಮರೆವು ಜಾಸ್ತಿ."

"ಪೇಸ್ಟಿ ತರ್ಲಾ?"

"ತರದೆ ಬಂದ್ರೆ ಬಾಗಿಲು ತೆಗೆಯಲ್ಲ."

ಆರ್ಡಿತ್ ಗಂಟಲು ಸರಿಮಾಡಿಕೊಂಡು ಓದಿದಳು. ಕ್ಷೇಮ ಓದಿದಳು, ಹುರುಳಿ ಓದಿದಳು, ಒಗೆಯುವ ಅಂಗಿಯನ್ನೂ ಪಕ್ಕದವನ ಚಿನ್ನವನ್ನೂ ಓದಿದಳು. ಹಳದಿ ಮುಗಿದು ನೀಲಿ ಶುರುವಾಗುವಲ್ಲಿ ಅವಳು ನಿಲ್ಲಲಿಲ್ಲ. ಅಮ್ಮ ಹೆಣೆದು ಕೊಟ್ಟ ಕಾಲುಚೀಲ ಇನ್ನೂ ಹರಿದಿಲ್ಲ ಎಂದು ಒಂದೇ ಉಸಿರಿಗೆ ಓದಿದಳು.