ಮಕ್ಕಳಿಗೆ ಜಾಮೀನು ನಿಂತ ಮೆಹತಾಬ್

ಮೆಹತಾಬ್ ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಉಳಿದ ದಿನಗಳಲ್ಲಿ ಗ್ರಂಥಾಲಯದ ಮಕ್ಕಳ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ, “ಏಯ್ ಯಾಸಿರ್, ಪುಸ್ತಕದ ಮೇಲೆ ಮೊಣಕೈ ಊರ್ಬೇಡ ಕಣೋ!” ಎಂದು ಬೀದಿಗೂ ಕೇಳುವಂತೆ ಕೂಗುವ ಈ ಹೆಂಗಸು, ನಿಜವಾದ ಕೋಪ ಬಂದಾಗ ಮಾತ್ರ ಪಿಸುಮಾತಿಗೆ ಇಳಿದುಬಿಡುತ್ತಾರೆ. ಎದುರಿಗಿದ್ದವರು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಬೇಕು. ಹಾಗೆ ಬಾಗಿದವರು ಮತ್ತೆ ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಗ್ರಂಥಾಲಯವೆಂದರೆ ಮೌನ ಎಂಬ ಮಾತಿನಲ್ಲಿ ಅವರಿಗೆ ಎಂದೂ ಶ್ರದ್ಧೆ ಇರಲಿಲ್ಲ. ‘ನಿಶ್ಶಬ್ದ’ ಎಂದು ಬರೆದ ತಗಡಿನ ಫಲಕವನ್ನು ಕೆಲಸಕ್ಕೆ ಸೇರಿದ ವಾರದಲ್ಲೇ ಕೆಳಗಿಳಿಸಿ, ಸೋರುವ ಕಿಟಕಿಗೆ ಅಡ್ಡ ಇಟ್ಟರು. ನಡಿಗೆಯೂ ಹಾಗೆಯೇ: ಹಿಮ್ಮಡಿಯನ್ನು ಮೊದಲು ನೆಲಕ್ಕೆ ಅಪ್ಪಳಿಸಿ, ಸ್ವಲ್ಪ ಎಡಕ್ಕೆ ವಾಲಿ, ಯಾರೋ ಎಲ್ಲಿಗೋ ತಡವಾಗಿ ಕರೆದಂತೆ ನಡೆಯುತ್ತಾರೆ. ಸೀರೆಯ ಮೇಲೆ ಮೊಣಕಾಲು ಮುಟ್ಟುವ ಒಂದು ಕೋಟು. ಬಿಳಿಯ ಮೇಲೆ ನೀಲಿ ಪಟ್ಟೆಯ, ಹಾಸಿಗೆ ಹೊಲಿಯುವ ದಪ್ಪ ಬಟ್ಟೆಯದು. ಅದರ ನಾಲ್ಕು ಜೇಬುಗಳಲ್ಲಿ ಸೂಜಿ ದಾರ, ಗೋಂದಿನ ಸೀಸೆ, ಮೊಂಡು ಪೆನ್ಸಿಲು, ಮಕ್ಕಳ ಮೂಗು ಒರೆಸುವ ಬಟ್ಟೆ. ಉಪ್ಪಾರಹಳ್ಳಿಯ ಮಕ್ಕಳು ಅವರನ್ನು ‘ಪಟ್ಟೆ ಮಿಸ್’ ಎಂದೇ ಕರೆದರು.

ಆ ಬಟ್ಟೆ ಸುಮ್ಮನೆ ಬಂದದ್ದಲ್ಲ. ಅವರ ತಂದೆ ಮುನಾವರ್ ಪಾಷಾ ಗುಬ್ಬಿಯಲ್ಲಿ ಮನೆಮನೆಗೆ ಹೋಗಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದವರು. ಮಗಳು ಹತ್ತು ವರ್ಷದವಳಿದ್ದಾಗ ಊರಿನ ಒಂದು ವಾಚನಾಲಯಕ್ಕೆ ಸದಸ್ಯತ್ವ ಕೇಳಿಕೊಂಡು ಹೋದಳು. ಮೇಜಿನ ಹಿಂದೆ ಕುಳಿತಿದ್ದವರು ಒಂದು ಅರ್ಜಿ ಕೊಟ್ಟು, “ಜಾಮೀನು ಹಾಕಿಸ್ಕೊಂಡ್ ಬಾ. ಸ್ವಂತ ಮನೆ ಇರೋರೋ ಸರ್ಕಾರಿ ಕೆಲಸದೋರೋ ಸೈನ್ ಹಾಕ್ಬೇಕು” ಎಂದರು. ತಂದೆ ಆ ಕಾಗದ ಹಿಡಿದು, ತಾವು ಯಾರ ಮನೆಯ ಹಾಸಿಗೆಗಳನ್ನು ಹೊಲಿದಿದ್ದರೋ ಅವರವರ ಮನೆಬಾಗಿಲಿಗೆಲ್ಲ ಹೋದರು. ಮಗಳು ಪಕ್ಕದಲ್ಲಿದ್ದಳು. ಐದು ಮನೆಗಳಲ್ಲಿ ಚಹಾ ಕೊಟ್ಟರು, ಒಂದರಲ್ಲೂ ಸಹಿ ಕೊಡಲಿಲ್ಲ. ಆರನೆಯ ಮನೆಯವರು ನಗುತ್ತಲೇ, “ನಿನ್ ಮಗಳು ಓದಿ ಏನಾಗ್ಬೇಕು ಪಾಷಾ?” ಎಂದು ಕೇಳಿದರು. ತಂದೆ ಮನೆಗೆ ಹಿಂದಿರುಗಿ, ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೊರಗಿಸಿ, ಆ ಸಂಜೆಯೆಲ್ಲ ಮಗಳ ಮುಖ ನೋಡಲಾರದೆ ಕುಳಿತಿದ್ದರು. ತಂದೆಯ ತಲೆ ತಗ್ಗಿದ್ದನ್ನು ಮೆಹತಾಬ್ ಕ್ಷಮಿಸಿಲ್ಲ. ಡಿಪ್ಲೊಮಾ ಮುಗಿಸಿ, ಪರೀಕ್ಷೆ ಬರೆದು, ಗ್ರಂಥಪಾಲಕಿಯಾಗಿ ನೇಮಕಗೊಂಡ ದಿನ ಊರೆಲ್ಲ ಮಿಠಾಯಿ ಹಂಚಿದಾಗಲೂ ಆ ಆರನೆಯ ಮನೆಯನ್ನು ಮಾತ್ರ ಬಿಟ್ಟರು.

ತುಮಕೂರಿನ ಉಪ್ಪಾರಹಳ್ಳಿಯ ಕಡೆಯ ಒಂದು ಶಾಖೆಗೆ ಮಕ್ಕಳ ವಿಭಾಗ ನೋಡಿಕೊಳ್ಳಲು ಅವರು ಬಂದಾಗ, ಅಲ್ಲಿ ಇದ್ದದ್ದು ಎರಡು ಗಾಜಿನ ಬೀರುಗಳು, ಎರಡು ಬೀಗಗಳು, ಮತ್ತು ಬೀಗದ ಕೈಯನ್ನು ಜನಿವಾರದಂತೆ ಮೈಮೇಲೆ ಧರಿಸಿದ್ದ ಜವಾನ ವೆಂಕಟರಂಗಯ್ಯ. ಕೆಟ್ಟ ಮನುಷ್ಯನಲ್ಲ, ನಿವೃತ್ತಿಗೆ ನಾಲ್ಕು ವರ್ಷವಿದ್ದ, ಎಲ್ಲದಕ್ಕೂ ಹೆದರುವ ಮನುಷ್ಯ.

“ತೆಗೀಬೇಡಿ ಮೇಡಂ, ಮಕ್ಳು ಹರ್ದಾಕ್ಬುಡ್ತವೆ.”

“ಹರೀಲಿ ಬಿಡಿ ವೆಂಕಟರಂಗಯ್ಯನೋರೆ. ಹರ್ದಿದ್ನ ಹೊಲೀಬಹುದು.”

ಬೀಗ ತೆಗೆದು ಒಂದು ದಪ್ಪ ಪುಸ್ತಕವನ್ನು ಎಳೆದರೆ, ರಟ್ಟು ಮಾತ್ರ ಕೈಗೆ ಬಂತು. ಒಳಗೆ ಮಣ್ಣು. ಹನ್ನೊಂದು ವರ್ಷ ಯಾವ ಮಗುವೂ ಮುಟ್ಟದಂತೆ ಕಾಪಾಡಿದ ಆ ಬೀರುವಿನ ಕೆಳಗಿನ ಎರಡು ಸಾಲುಗಳನ್ನು ಗೆದ್ದಲು ರಟ್ಟುಗಳನ್ನು ಬಿಟ್ಟು ಪೂರ್ತಿ ತಿಂದು ಮುಗಿಸಿತ್ತು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸಾಲಾಗಿ, ಶಿಸ್ತಾಗಿ, ಸರ್ಕಾರಿ ಗೌರವದಿಂದ ನಿಂತಿದ್ದವು. ಮೆಹತಾಬ್ ಆ ರಟ್ಟುಗಳಲ್ಲಿ ಒಂದನ್ನು ತಮ್ಮ ಮೇಜಿನ ಖಾನೆಯಲ್ಲಿಟ್ಟು, ಉಳಿದವನ್ನು ಗುಡಿಸಿ ಹಾಕಿದರು.

ಬೀಗಗಳು ಹೋದ ಮೇಲೆ ಮಕ್ಕಳು ಬಂದರು. ಅಗರಬತ್ತಿ ಹೊಸೆಯುವ ಮನೆಗಳ ಮಕ್ಕಳು, ಗ್ಯಾರೇಜಿನವರ, ತಳ್ಳುಗಾಡಿಯವರ ಮಕ್ಕಳು. ಕೋಣೆಯಲ್ಲಿ ಕುಳಿತು ಓದಲು ಯಾರಿಗೂ ಅಡ್ಡಿಯಿರಲಿಲ್ಲ. ಪುಸ್ತಕವನ್ನು ಮನೆಗೆ ಒಯ್ಯಬೇಕಾದರೆ ಕಾರ್ಡು ಬೇಕು, ಕಾರ್ಡಿಗೆ ಜಾಮೀನು ಬೇಕು. ಜೈಬಾ ಎಂಬ ಹನ್ನೊಂದರ ಹುಡುಗಿ ಅರ್ಜಿ ಒಯ್ದು ಎಂಟು ದಿನ ಬರಲಿಲ್ಲ. ಒಂಬತ್ತನೆಯ ದಿನ ಬಂದಾಗ ಆ ಕಾಗದ ಮಡಿಕೆಗಳಲ್ಲಿ ಹರಿಯುವಷ್ಟು ಸವೆದಿತ್ತು. ಸಹಿಯ ಜಾಗ ಖಾಲಿ.

“ಓನರ್ ಅಂಕಲ್ ಆಗಲ್ಲ ಅಂದ್ರು ಮಿಸ್. ಅಮ್ಮಿ ಕೆಲಸ ಮಾಡೋ ಸೇಟೂ ಆಗಲ್ಲ ಅಂದ್ರು. ನಾನು ಪುಸ್ತಕ ಕದಿಯಲ್ಲ ಅಂತ ಹೇಳ್ದೆ. ಆದ್ರೂ ಆಗಲ್ಲ ಅಂದ್ರು.”

ಮೆಹತಾಬ್ ಆ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಆಮೇಲೆ ಕೇಳಿಯೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಕದಿಯಲ್ಲ ಅಂತ ಇನ್ಮೇಲೆ ಯಾರ್ ಹತ್ರಾನೂ ಹೇಳ್ಬೇಡ” ಎಂದು, ಸಹಿಯ ಜಾಗದಲ್ಲಿ ತಮ್ಮ ಹೆಸರನ್ನೇ ಬರೆದರು.

ಅಲ್ಲಿಂದ ಅದು ಹಟವಾಯಿತು. ಮೂರು ವರ್ಷಗಳಲ್ಲಿ ಮುನ್ನೂರ ಹನ್ನೆರಡು ಮಕ್ಕಳಿಗೆ ಅವರೇ ಜಾಮೀನು. ಸಹೋದ್ಯೋಗಿಗಳು ನಕ್ಕರು, ಬಂಧುಗಳು, ನಾಳೆ ಹೆಚ್ಚುಕಡಿಮೆಯಾದರೆ ನಿನ್ನ ಕೆಲಸಕ್ಕೇ ಕುತ್ತು ಎಂದರು. ಅವರ ಉತ್ತರ ಒಂದೇ: “ಸರ್ಕಾರಿ ನೌಕರರು ಹಾಕ್ಬಹುದು ಅಂತಿದೆ. ನಾನೂ ಸರ್ಕಾರಿ ನೌಕರಳೇ.”

ಈ ಉತ್ತರ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದ ಅಂಜನ್‌ಕುಮಾರ್ ಎಂಬ ಅಧಿಕಾರಿಗೆ ಸಾಲಲಿಲ್ಲ. ಮೃದುಭಾಷಿ, ಇಸ್ತ್ರಿಯ ಅಂಗಿ, ಯಾರನ್ನೂ ನೋಯಿಸದ ನಗು. ಅರ್ಜಿಗಳ ಕಟ್ಟನ್ನು ಮಗುಚುತ್ತ ಮಗುಚುತ್ತ ಅವರ ಹುಬ್ಬು ಮೇಲೇರಿತು.

“ಏನ್ ಮೇಡಂ ಇದು, ಎಲ್ಲಾದಕ್ಕೂ ನಿಮ್ದೇ ಸೈನು? ಒಬ್ರೇ ಇಷ್ಟ್ ಜನಕ್ಕೆ ಜಾಮೀನು ಹಾಕೋಕಾಗುತ್ತಾ?”

“ಎಷ್ಟು ಜನಕ್ಕೆ ಅಂತ ರೂಲ್ಸ್‌ನಲ್ಲಿ ಬರ್ದಿಲ್ಲ ಸಾರ್.”

“ಅದು ಸರಿ. ಆದ್ರೆ ಪುಸ್ತಕಗಳ ಸೇಫ್ಟಿ ನೋಡ್ಬೇಕಲ್ವಾ? ಈ ಏರಿಯಾ ಮಕ್ಕಳು ಹೇಗೆ ಅಂತ ನಿಮಗೂ ಗೊತ್ತು.”

ಮೆಹತಾಬ್ ಖಾನೆ ಎಳೆದು, ಒಳಗೆ ಏನೂ ಇಲ್ಲದ ಆ ರಟ್ಟನ್ನು ಅವರ ಮುಂದಿಟ್ಟರು. ದನಿ ಆಗಲೇ ಇಳಿದಿತ್ತು; ಅಧಿಕಾರಿ ಮುಂದಕ್ಕೆ ಬಾಗಿದರು.

“ಈ ಏರಿಯಾ ಮಕ್ಕಳು ಮೂರು ವರ್ಷದಲ್ಲಿ ಕಳೆದಿರೋದು ನಾಲ್ಕು ಪುಸ್ತಕ ಸಾರ್. ಬೀಗ ಹಾಕಿಟ್ಟಾಗ ಇನ್ನೂರ ಹದಿನಾರು ಹೋಗಿದೆ. ಗೆದ್ದಲಿಗೆ ಯಾರು ಜಾಮೀನು ಹಾಕಿದ್ರು?”

ಅಂಜನ್‌ಕುಮಾರ್ ನಕ್ಕರು. ನಗುತ್ತಲೇ ಹೊರಟುಹೋದರು. ಮೂರು ವಾರಕ್ಕೆ ಆದೇಶ ಬಂತು: ಬೇರೆ ಜಾಮೀನುದಾರರು ದೊರೆಯುವವರೆಗೆ ಮುನ್ನೂರ ಹನ್ನೆರಡು ಕಾರ್ಡುಗಳನ್ನೂ ತಡೆಹಿಡಿಯತಕ್ಕದ್ದು, ಪುಸ್ತಕಗಳನ್ನು ಕೂಡಲೇ ಹಿಂಪಡೆಯತಕ್ಕದ್ದು.

ಮಕ್ಕಳು ಪುಸ್ತಕ ಹಿಂದಿರುಗಿಸಲು ಸಾಲುಗಟ್ಟಿ ನಿಂತ ಆ ಮೂರು ದಿನಗಳ ಅವಮಾನವನ್ನು ಯಾವ ಕಡತವೂ ದಾಖಲಿಸಿಲ್ಲ. ಏನು ತಪ್ಪು ಮಾಡಿದೆವು ಎಂದು ಅವು ಕೇಳಲೂ ಇಲ್ಲ. ಬಡವರ ಮಕ್ಕಳಿಂದ ಕಸಿದುಕೊಳ್ಳುವುದು ಹೊಸ ಸಂಗತಿಯಲ್ಲವಲ್ಲ. ಜೈಬಾ ಮಾತ್ರ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಳು.

“ಇನ್ನ ಹದಿನೆಂಟ್ ಪುಟ ಇದೆ ಮಿಸ್. ಓದ್ಬಿಟ್ಟು ಕೊಡ್ಲಾ?”

“ಕೂತ್ಕೊಂಡು ಓದು. ನೀನು ಮುಗಿಸೋವರ್ಗೂ ಬಾಗಿಲು ಹಾಕಲ್ಲ.”

ಮುಚ್ಚುವ ಹೊತ್ತು ಮೀರಿತು. ವೆಂಕಟರಂಗಯ್ಯ ತಮ್ಮ ಬಸ್ಸು ತಪ್ಪಿಸಿಕೊಂಡು ಹೊಸ್ತಿಲ ಮೇಲೆ ಕುಳಿತಿದ್ದರು. ಎಲ್ಲದಕ್ಕೂ ಹೆದರುತ್ತಿದ್ದ ಆ ಮನುಷ್ಯ ಅಂದು ಮೊದಲ ಸಲ, “ಇದು ಅನ್ಯಾಯ ಬುಡಿ ಮೇಡಂ” ಎಂದರು.

ಮರುದಿನದಿಂದ ಮೆಹತಾಬ್ ಮುನ್ನೂರ ಹನ್ನೆರಡು ಹೊಸ ಅರ್ಜಿಗಳನ್ನು ಚೀಲದಲ್ಲಿ ಹಾಕಿಕೊಂಡು, ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಸಂಜೆ ಕೆಲಸದ ನಂತರ, ಭಾನುವಾರ ಪೂರ್ತಿ ಜಾಮೀನುದಾರರನ್ನು ಹುಡುಕುತ್ತ ತುಮಕೂರಿನ ಬೀದಿಗಳನ್ನು ತುಳಿದರು. ತಂದೆ ಗುಬ್ಬಿಯಲ್ಲಿ ಏರಿದ್ದ ಮೆಟ್ಟಿಲುಗಳು ಇಲ್ಲಿಯೂ ಇದ್ದವು. ಪಡಸಾಲೆಯಲ್ಲಿ ಪುಸ್ತಕದ ಕಪಾಟು ಇಟ್ಟುಕೊಂಡವರು, ಕನ್ನಡದ ಭವಿಷ್ಯದ ಬಗ್ಗೆ ವೇದಿಕೆಯ ಮೇಲೆ ಕಣ್ಣೀರು ಹಾಕುವವರು, ಅವರಿಗೆ ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಅರ್ಜಿಯ ಮೇಲಿನ ವಿಳಾಸ ನೋಡಿ, “ಮನೇಲಿ ಕೇಳಿ ಹೇಳ್ತೀನಿ” ಎಂದರು. ನೇತ್ರಾವತಿ ಎಂಬ ಶಾಲಾ ಶಿಕ್ಷಕಿ ಮಾತ್ರ ವಿಳಾಸ ನೋಡದೆಯೇ ನಲವತ್ತಕ್ಕೆ ಸಹಿ ಹಾಕಿದರು. ಒಬ್ಬ ಲೈನ್‌ಮನ್, ಇಬ್ಬರು ನರ್ಸುಗಳು, ಇನ್ನೂ ಕೆಲವರು ಕೈಲಾದಷ್ಟಕ್ಕೆ ಹಾಕಿದರು.

ಒಂದು ಬೆಳಿಗ್ಗೆ ಗ್ರಂಥಾಲಯದ ಬೀದಿ ಗುಡಿಸುವ ಕರಿಬಸಮ್ಮ ಪೊರಕೆಯನ್ನು ಗೋಡೆಗಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಒಳಗೆ ಬಂದರು.

“ನಾನೂ ಕಾಯಂ ಆಗಿ ಮೂರ್ ವರ್ಸ ಆಯ್ತು ಮೇಡಮ್ಮ. ನನ್ ಸೈನು ನಡೀತದಾ?”

“ನಿಮ್ದು ನಡೀದಿದ್ರೆ ಯಾರ್ದೂ ನಡೀಬಾರ್ದು ಕರಿಬಸಮ್ಮ.”

ಒಂದೊಂದು ಅಕ್ಷರವನ್ನೂ ಕೊರೆದಂತೆ ಬರೆಯುತ್ತ ಕರಿಬಸಮ್ಮ ಹನ್ನೊಂದು ಮಕ್ಕಳಿಗೆ ಸಹಿ ಹಾಕಿದರು, ಮೊದಲನೆಯದು ಜೈಬಾಳದು. ಹನ್ನೊಂದೂ ಹತ್ತು ದಿನದಲ್ಲಿ ಕಚೇರಿಯಿಂದ ವಾಪಸು ಬಂದವು. ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಸಾಲು: ‘ಜಾಮೀನುದಾರರು ಸೂಕ್ತರಲ್ಲ.’

ಅಂದು ಮೆಹತಾಬ್ ರಜೆ ಚೀಟಿ ಬರೆದಿಟ್ಟು, ಕರಿಬಸಮ್ಮನ ಪಾಳಿ ಮುಗಿಯುವವರೆಗೆ ಬೀದಿಯಲ್ಲೇ ಕಾದು, ಅವರನ್ನು ಕರೆದುಕೊಂಡು ನೇರ ಕಚೇರಿಗೆ ಹೋದರು. ಅಂಜನ್‌ಕುಮಾರ್ ಅವರ ಎದುರು ಎರಡು ಕುರ್ಚಿಗಳಿದ್ದವು. ಕರಿಬಸಮ್ಮ ನಿಂತೇ ಇದ್ದರು. ಮೆಹತಾಬ್ ಒಂದು ಕುರ್ಚಿ ಎಳೆದು ಅವರನ್ನು ಕೂರಿಸಿ, ತಾವು ನಿಂತರು.

“ಸಾರ್, ಸ್ಥಳೀಯ ಸಂಸ್ಥೆಯ ಕಾಯಂ ನೌಕರರು ಜಾಮೀನು ಹಾಕ್ಬಹುದು ಅಂತ ಅರ್ಜಿ ಹಿಂಭಾಗದಲ್ಲೇ ಪ್ರಿಂಟಾಗಿದೆ. ಇವರು ಕಾಯಂ. ಇದು ಇವರ ಗುರುತಿನ ಚೀಟಿ. ಸೂಕ್ತರಲ್ಲ ಅಂತ ಯಾಕೆ ಬರೆದ್ರಿ?”

“ಮೇಡಂ, ಅದು... ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ಎಮೋಷನಲ್ ಆಗ್ಬೇಡಿ.”

“ಯಾಕೆ ಅಂತ ಬರೆದು ಕೊಡಿ ಸಾರ್. ಇವರ ಕೆಲಸ ಏನು ಅಂತಾನೂ ಬರೀರಿ. ಆ ಕೆಲಸ ಮಾಡೋರ ಮಾತಿನ ಮೇಲೆ ಯಾಕೆ ನಂಬಿಕೆ ಇಲ್ಲ ಅಂತಾನೂ ಬರೀರಿ. ಕೆಳಗೆ ನಿಮ್ ಸೈನ್ ಹಾಕಿ. ನಾವು ಕಾಯ್ತೀವಿ.”

ಪಕ್ಕದ ಮೇಜಿನವರು ಟೈಪು ಮಾಡುವುದನ್ನು ನಿಲ್ಲಿಸಿದರು. ಅಂಜನ್‌ಕುಮಾರ್ ಪೆನ್ನು ತೆಗೆದರು, ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಮನಸ್ಸಿನಲ್ಲಿ ಧಾರಾಳವಾಗಿ ಇಟ್ಟುಕೊಳ್ಳಬಹುದಾದ, ಆದರೆ ಕಾಗದದ ಮೇಲೆ ಇಳಿಸಲಾರದ ಮಾತೊಂದು ಆ ಪೆನ್ನಿನ ತುದಿಯಲ್ಲೇ ನಿಂತಿತ್ತು. ಅರ್ಧ ಗಂಟೆಯ ನಂತರ ಹನ್ನೊಂದು ಅರ್ಜಿಗಳ ಮೇಲೂ ಮಂಜೂರಾತಿಯ ಮೊಹರು ಬಿತ್ತು.

ಮೆಟ್ಟಿಲಿಳಿಯುವಾಗ ಕರಿಬಸಮ್ಮ ಮೆಲ್ಲಗೆ, “ನಂಗೆ ಯಾರೂ ಕುರ್ಚಿ ಕೊಟ್ಟಿರ್ನಿಲ್ಲ ಮೇಡಮ್ಮ, ಆಪೀಸ್ನಾಗೆ” ಎಂದರು. ಮೆಹತಾಬ್ ಅವರಿಗೆ ಅತ್ತುಬಿಡಬೇಕೆನಿಸಿತು. ಅಳಲಿಲ್ಲ, ಮತ್ತಷ್ಟು ಸಿಟ್ಟಾದರು.

ಕಡೆಗೆ ನೂರ ತೊಂಬತ್ತು ಮಕ್ಕಳಿಗೆ ಕಾರ್ಡು ಮರಳಿತು. ಉಳಿದ ನೂರ ಇಪ್ಪತ್ತೆರಡು ಮಕ್ಕಳಿಗೆ ಇಡೀ ನಗರದಲ್ಲಿ ಒಂದು ಸಹಿ ಹುಟ್ಟಲಿಲ್ಲ. ಅಷ್ಟರಲ್ಲಿ ಆಡಳಿತದ ಹಿತದೃಷ್ಟಿಯಿಂದ ಮೆಹತಾಬ್ ಅವರಿಗೆ ಕುಣಿಗಲ್ ತಾಲ್ಲೂಕಿನ ಅಮೃತೂರಿಗೆ ವರ್ಗವಾಯಿತು. ಉಳಿದ ಅರ್ಜಿಗಳನ್ನು ನೇತ್ರಾವತಿ ಅವರಿಗೆ ಒಪ್ಪಿಸಿ ಅವರು ಹೊರಟರು. ಈಗ ಗುಬ್ಬಿಯ ಮನೆಯಿಂದ ಬಸ್ಸು ಬದಲಿಸಿ ಬದಲಿಸಿ ಹೋಗುತ್ತಾರೆ. ಅಲ್ಲಿ ಮಕ್ಕಳ ಪುಸ್ತಕಗಳು ದೊಡ್ಡವರ ತಲೆಯ ಮಟ್ಟದ ಹಲಗೆಯ ಮೇಲಿದ್ದವು. ಬಡಗಿಯನ್ನು ಕರೆಸಿ ಆ ಸ್ಟ್ಯಾಂಡಿನ ಕಾಲುಗಳನ್ನು ಕೊಯ್ಯಿಸಿದರು. ಸರ್ಕಾರಿ ಸ್ವತ್ತಿಗೆ ಹಾನಿ ಎಂದು ಈಗಾಗಲೇ ಒಂದು ದೂರು ಹೋಗಿದೆ. ಪೇಪರ್ ಓದಲು ಬರುವ ತೆಂಗಿನ ತೋಟದ ದೊಡ್ಡರಂಗಯ್ಯ, “ಹಿಂದಿನೋರು ಒಳ್ಳೇರು ಕಣಪ್ಪ, ಒಂದ್ ಮಾತಿಲ್ಲ ಕತೆಯಿಲ್ಲ. ಈವಮ್ಮ ಬಂದ್ಮೇಲೆ ದಿನಾ ಒಂದ್ ಜಗಳ” ಎನ್ನುತ್ತಾರೆ. ಅವರ ಮೊಮ್ಮಗಳು ಶಾಲೆ ಬಿಟ್ಟೊಡನೆ ಅಲ್ಲಿಗೇ ಓಡುತ್ತಾಳೆ.

ಯಾರ ತಂಟೆಗೂ ಹೋಗದ, ಯಾವ ಆದೇಶಕ್ಕೂ ಎದುರಾಡದ ನೌಕರನನ್ನು ನಾವು ಒಳ್ಳೆಯವನೆನ್ನುತ್ತೇವೆ. ನಿವೃತ್ತಿಯ ದಿನ ಅವನಿಗೆ ಹಾರ ಹಾಕಿ, ಸೌಮ್ಯ ಸ್ವಭಾವವನ್ನು ಕೊಂಡಾಡುತ್ತೇವೆ. ಆ ಸೌಮ್ಯತೆಯ ಬೆಲೆಯನ್ನು ತೆತ್ತವರು ಆ ಸಮಾರಂಭಕ್ಕೆ ಬಂದಿರುವುದಿಲ್ಲ, ಅವರನ್ನು ಕರೆದಿರುವುದೂ ಇಲ್ಲ. ಮೆಹತಾಬ್ ಅಂಥವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಅವರು ಮುಂಗೋಪಿಗಳು, ಹಟಮಾರಿಗಳು, ಮೇಲಧಿಕಾರಿಗಳ ತಲೆನೋವು. ಅವರು ಸವೆಯುತ್ತಾರೆ, ಎತ್ತಂಗಡಿಯಾಗುತ್ತಾರೆ, ಅರ್ಧ ಗೆಲ್ಲುತ್ತಾರೆ, ಮತ್ತೆ ಶುರುಮಾಡುತ್ತಾರೆ. ಸಾರ್ವಜನಿಕವೆಂದು ನಾವು ಹೆಮ್ಮೆಯಿಂದ ಕರೆದುಕೊಳ್ಳುವ ಒಂದೊಂದು ಬಾಗಿಲೂ ನಿಜಕ್ಕೂ ತೆರೆದದ್ದು ಇಂಥ ಒಬ್ಬ ಜಗಳಗಂಟಿಯ ಕೈಯಿಂದ. ಪಕ್ಕದ ಗೋಡೆಯ ಕಲ್ಲಿನಲ್ಲಿ ಮಾತ್ರ, ಎಂದಿನಂತೆ, ಉದ್ಘಾಟಿಸಿದವರ ಹೆಸರಿರುತ್ತದೆ.