ಅಕ್ಕನ ಕೈಗೆ ಆಗದ ಕೈಗವಸು

ವಿಶ್ವವಿದ್ಯಾಲಯದ ಔದ್ಯೋಗಿಕ ಆರೋಗ್ಯ ಕೇಂದ್ರದಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಅವಳು ಸೇರಿ ಹನ್ನೊಂದು ವರ್ಷವಾಗಿತ್ತು. ಎಲ್ಲರಿಗೂ ಅವಳು ಅಕ್ಕ. ಕಲ್ಲು ಒಡೆಯುವವರ ಕೆಮ್ಮು, ಮುದ್ರಣಾಲಯದವರ ಕಿವಿ, ಬಣ್ಣ ಬಳಿಯುವವರ ತಲೆನೋವು, ಎಲ್ಲ ಚಾರ್ಟುಗಳಾಗಿ ಅಲ್ಲಿನ ಗೋಡೆಗಳ ಮೇಲಿದ್ದವು. ಆ ಚಾರ್ಟುಗಳ ಧೂಳು ಹೊಡೆಯುವ ಅಕ್ಕನ ಕೈಗಳೇ ಬಿರುಕು ಬಿಟ್ಟು ಎಂಟು ತಿಂಗಳಾಗಿದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೀಳದಂತೆ ಅವಳೇ ನೋಡಿಕೊಂಡಿದ್ದಳು. ಗೊತ್ತಾದರೆ ಕೆಲಸಕ್ಕೆ ಸಂಚಕಾರ ಬಂದೀತೆಂಬ ದಿಗಿಲು ಅವಳಿಗೆ.

ಕೊನೆಗೆ ನೋಡಿದವಳು, ನರ್ಸ್ ಕೆಲಸ ಬಿಟ್ಟು ತರಬೇತಿಗೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ. ಕೆಲಸಗಾರರ ಕಾಯಿಲೆಗಳ ಅಧ್ಯಯನಕ್ಕೆಂದು ಮೂರು ಕಾರ್ಖಾನೆಗಳಿಗೆ ಅಲೆದು, ಮೂರರಲ್ಲೂ 'ಆಮೇಲೆ ನೋಡೋಣ' ಅನ್ನಿಸಿಕೊಂಡು, ಸಪ್ಪೆ ಮುಖ ಹಾಕಿಕೊಂಡು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಳು. ಅವಳನ್ನು ಗಮನಿಸದೆ ಅಕ್ಕ ಅಲ್ಲೇ ಬಕೆಟ್ ಇಟ್ಟು ಕೈಗವಸು ಕಳಚಿದಳು.

"ಅಕ್ಕ, ಕೈ ತೋರ್ಸಿ."

"ಏನಿಲ್ಲ ಬಿಡಮ್ಮ, ನೀರಲ್ಲಿ ಆಡೋ ಕೈ."

"ನೀರಿಗೆ ಹೀಗಾಗಲ್ಲ. ಎಷ್ಟು ದಿನ ಆಯ್ತು?"

ಮೆತ್ತಗೆ ಕೇಳಿದ್ದಕ್ಕೋ ಏನೋ, ಅಕ್ಕ ಬಾಯಿಬಿಟ್ಟಳು. ರಜೆ ಹಾಕಿದರೆ ಕಡಿಮೆಯಾಗುತ್ತದೆ, ಮನೆಯಲ್ಲಿ ಬರಿಗೈಯಲ್ಲೇ ಸೋಪು ಹಾಕಿ ಪಾತ್ರೆ ತಿಕ್ಕಿದರೂ ಉರಿಯುವುದಿಲ್ಲ ಎಂದಳು. ವಿದ್ಯಾರ್ಥಿನಿ ಎಲ್ಲ ಬರೆದುಕೊಂಡಳು. ತಪ್ಪು ನೆಲ ಒರೆಸುವ ದ್ರಾವಣದ್ದೇ ಎಂದು ತೀರ್ಮಾನಿಸಿ ಬೇರೆಯದನ್ನು ತರಿಸಿದಳು. ಮೂರು ವಾರ ಕಳೆದರೂ ಕೈ ಇದ್ದ ಹಾಗೇ ಇತ್ತು.

ಅವಳಿಗೆ ಮಾರ್ಗದರ್ಶನ ಮಾಡುತ್ತಿದ್ದ ಪ್ರೊಫೆಸರಮ್ಮ ಆ ಟಿಪ್ಪಣಿ ಓದಿ ಕನ್ನಡಕ ಮೇಲಕ್ಕೆ ಸರಿಸಿದರು. "ಬರಿಗೈಯಲ್ಲಿ ಸೋಪು ಮುಟ್ಟಿದ್ರೂ ಏನಾಗಲ್ಲ ಅಂತ ಅವ್ರೇ ಹೇಳಿದ್ದಾರಲ್ಲಮ್ಮ. ಇಲ್ಲಿ ಕೈ ಬರಿದಾಗಿರುತ್ತಾ?"

ವಿದ್ಯಾರ್ಥಿನಿ ನಾಲಿಗೆ ಕಚ್ಚಿಕೊಂಡಳು.

ಮರುದಿನ ಅಕ್ಕನ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿಗಳನ್ನು ಅಂಟಿಸಿದರು. ಚರ್ಮಕ್ಕೆ ಯಾವುದು ಒಗ್ಗದೆಂದು ತಿಳಿಯಲು ಒಂದೊಂದರಲ್ಲಿ ಒಂದೊಂದು ವಸ್ತು; ಎರಡು ದಿನ ಬೆನ್ನಿಗೆ ನೀರು ತಾಕಿಸುವಂತಿಲ್ಲ. ಬಸ್ ಓಡಿಸುವ ಅವಳ ಗಂಡನಿಗೆ ಅದನ್ನು ನೋಡಿ ನಗು ತಡೆಯಲಾಗಲಿಲ್ಲ.

"ಬೆನ್ನ ತುಂಬ ಸ್ಟ್ಯಾಂಪ್ ಅಂಟಿಸಿದ್ದಾರಲ್ಲೇ, ಯಾವೂರಿಗೆ ಪೋಸ್ಟ್ ಮಾಡ್ತಾರಂತೆ?"

"ನೀವಿಲ್ದಿರೋ ಊರಿಗೆ," ಎಂದಳು ಅಕ್ಕ.

ನಾಲ್ಕನೆಯ ದಿನ ನೋಡಿದಾಗ ಒಂದೇ ಜಾಗ ಕೆಂಪಗೆ ಊದಿಕೊಂಡಿತ್ತು. ರಬ್ಬರ್ ಕೈಗವಸು ಮಾಡುವಾಗ ಬೆರೆಸುವ ರಾಸಾಯನಿಕದ ಜಾಗ ಅದು. ಕೈ ಒಡೆಯಿತೆಂದು ಅಕ್ಕ ಬೆಳಗಿನಿಂದ ಸಂಜೆವರೆಗೂ ಕೈಗವಸು ತೆಗೆಯುತ್ತಿರಲಿಲ್ಲ. ತೆಗೆಯದೆ ಇದ್ದಷ್ಟೂ ಕೈ ಇನ್ನಷ್ಟು ಒಡೆದಿತ್ತು.

"ಹಾಗಾದ್ರೆ ನನ್ನ ಕೆಲಸ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಕೆಲಸ ಎಲ್ಲಿಗೆ ಹೋಗುತ್ತೆ? ಹೋಗೋದು ಗ್ಲೌಸು," ಎಂದರು ಪ್ರೊಫೆಸರಮ್ಮ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ಅಕ್ಕನ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ನೋಡಿದರು. ನೋಡುತ್ತ ಅವರ ಮುಖ ಸ್ವಲ್ಪ ಬಾಡಿತು.

ರಬ್ಬರಿಲ್ಲದ ಕೈಗವಸು ಬಂತು, ಅದರೊಳಗೆ ತೊಡಲು ತೆಳ್ಳಗಿನ ಹತ್ತಿಯದು ಬೇರೆ. ಒಂದೂವರೆ ತಿಂಗಳಲ್ಲಿ ಬಿರುಕುಗಳು ಕೂಡಿಕೊಂಡವು. ಸುದ್ದಿ ಕಟ್ಟಡದ ಉಳಿದ ಮಹಡಿಗಳಿಗೂ ಹಬ್ಬಿ, ಒಂದು ಮಧ್ಯಾಹ್ನ ನಾಲ್ವರು ಗುಡಿಸುವವರು ತಾವಾಗಿಯೇ ಬಂದು ಬೆಂಚಿನಲ್ಲಿ ಸಾಲಾಗಿ ಕೂತರು. ವಿದ್ಯಾರ್ಥಿನಿಗೆ ಕಾರ್ಖಾನೆ ಹುಡುಕುವ ಗೋಜೇ ಉಳಿಯಲಿಲ್ಲ. ಅಕ್ಕ ಪೊರಕೆ ಹಿಡಿದುಕೊಂಡೇ ಅವರ ಪಕ್ಕ ನಿಂತಿದ್ದಳು.

"ಸುಮ್ನೆ ಕೈ ಚಾಚ್ಕೊಂಡು ಕೂತ್ರೆ ಆಗಲ್ಲ ಕಣೇ," ಎಂದು ಮೊದಲಿನವಳ ಭುಜ ತಟ್ಟಿದಳು. "ಮನೇಲಿ ಏನೇನ್ ಮಾಡ್ತೀಯ, ಅದನ್ನೂ ಹೇಳು. ಅವ್ರು ಬರ್ಕೋತಾರೆ."