ಲೋಲಾ ದೊರೈ ಒಡ್ಡಿದ ಪರೀಕ್ಷೆ

ಫೆರ್ಮಿನ್ ಹುಟ್ಟಿ ಐದು ವಾರವಾಗಿತ್ತು. ಅಷ್ಟರಲ್ಲೇ ಅವನು ಒಬ್ಬ ಪಾದ್ರಿಯ ಬಿಳಿ ನಿಲುವಂಗಿಯನ್ನೂ ಇಬ್ಬರು ಅತ್ತೆಯರ ಹೊಸ ಬಟ್ಟೆಯನ್ನೂ ದೃಷ್ಟಿ ತೆಗೆಯಲು ಬಂದ ನಾಟಿವೈದ್ಯೆಯ ಕನ್ನಡಕವನ್ನೂ ಕೆಡಿಸಿದ್ದ. ಕುಡಿದ ಹಾಲು ಅವನ ಬಾಯಿಂದ ತುಳುಕುತ್ತಿರಲಿಲ್ಲ, ಪಿಚಕಾರಿಯಿಂದ ಬಿಟ್ಟಂತೆ ಮೂರು ಅಡಿ ದೂರಕ್ಕೆ ಚಿಮ್ಮುತ್ತಿತ್ತು. ಪಾದ್ರಿಯ ಮೇಲೆ ಬಿದ್ದದ್ದು ನಾಮಕರಣದ ದಿನವೇ. "ಉಪದೇಶ ಉದ್ದ ಆಯ್ತು, ಮಗು ತಾನೇ ಎಷ್ಟೂಂತ ಸಹಿಸುತ್ತೆ?" ಎಂದು ಅವನ ಅಜ್ಜಿ ಇಗರ್ಜಿಯಲ್ಲೇ ಹೇಳಿದಳಂತೆ.

ಆ ಅಜ್ಜಿಯೇ ಲೋಲಾ ದೊರೈ; ನಮ್ಮ ಕಡೆ ಲೋಲಾ ಎಂದರೆ ಅಜ್ಜಿ. ಲುಂಬಾನ್ ಊರಿನಲ್ಲಿ ಅನಾನಸ್ ನಾರಿನ ಬಟ್ಟೆಯ ಮೇಲೆ ಐವತ್ತು ವರ್ಷ ಕಸೂತಿ ಹಾಕಿದವಳು. ಮದುಮಕ್ಕಳ ಅಂಗಿಯಲ್ಲಿ ಒಂದೊಂದೇ ಎಳೆ ಕಿತ್ತು ಜಾಲರಿ ಬಿಡಿಸುವುದರಲ್ಲಿ ಅವಳ ಕೈಗೆ ಸಾಟಿಯಾಗುವವರಿರಲಿಲ್ಲ. ಬಾಯಿಗೆ ಸಾಟಿಯಾಗುವವರಂತೂ ಹುಟ್ಟಿಯೇ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅವಳು ಸೊಸೆ ರೊವೀನಾಳನ್ನೂ ಮೊಮ್ಮಗನನ್ನೂ ಕರೆದುಕೊಂಡು ನಮ್ಮ ಆಸ್ಪತ್ರೆಗೆ ಬಂದಳು. ಮಕ್ಕಳ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ನಾನು ನರ್ಸ್. ನನ್ನ ಹೆಸರು ಪುರಿಟಾ. ಮಗುವನ್ನು ಎತ್ತಿಕೊಂಡು ನೋಡಿದೆ. ಚರ್ಮ ಸಡಿಲವಾಗಿ ಹಣೆಯಲ್ಲಿ ಗೆರೆ ಬಿದ್ದು, ಮುಖ ಪಿಂಚಣಿ ತೆಗೆದುಕೊಳ್ಳುವ ಮುದುಕನದಾಗಿತ್ತು. ಹಸಿವು ಮಾತ್ರ ಪೈಲ್ವಾನನದು. ಎಷ್ಟು ಕುಡಿದರೇನು, ಹೊಟ್ಟೆಯಲ್ಲಿ ಒಂದು ಗುಟುಕೂ ನಿಲ್ಲುತ್ತಿರಲಿಲ್ಲ.

ನಮ್ಮ ಡಾಕ್ಟರ್ ಕ್ರಿಸಾಂತೊ ಉಬಾಲ್ಡೊ ಮನಿಲಾದಲ್ಲಿ ಕಲಿತು ಆರು ತಿಂಗಳ ಹಿಂದೆ ಬಂದವರು. ವಯಸ್ಸು ಮೂವತ್ತನಾಲ್ಕಾದರೂ ಮುಖ ನೋಡಿದರೆ ಹೈಸ್ಕೂಲು. ಅವರು ಮಗುವಿನ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ಹುಡುಕಿದರು.

"ಸಿಕ್ತು. ನೇರಳೆಹಣ್ಣಿನಷ್ಟು ಗಂಟು. ಜಠರದ ಬಾಗಿಲಲ್ಲಿ ಮಾಂಸ ದಪ್ಪಗಾಗಿ ದಾರಿ ಮುಚ್ಚಿದೆ. ಹಾಲು ಕೆಳಗೆ ಇಳಿಯೋಕಾಗದೆ ಮೇಲಕ್ಕೆ ಚಿಮ್ಮುತ್ತೆ. ಆ ಮಾಂಸಾನ ಸೀಳಿಬಿಟ್ರೆ ಮುಗೀತು. ಹೊಟ್ಟೆ ಅಗಲವಾಗಿ ಕುಯ್ಯೋದು ಬೇಡ, ಮೂರು ಸಣ್ಣ ತೂತು ಸಾಕು. ಒಂದರಲ್ಲಿ ಕ್ಯಾಮೆರಾ ಬಿಟ್ಟು ಟಿವೀಲಿ ನೋಡ್ಕೊಂಡು ಮಾಡ್ತೀನಿ."

ಲೋಲಾ ದೊರೈ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನನ್ನ ಗಂಡ ಟಿವಿ ನೋಡ್ಕೊಂಡು ಊಟ ಮಾಡಿದ್ರೆ ಅರ್ಧ ಅನ್ನ ಅಂಗಿ ಮೇಲಿರುತ್ತೆ. ನೀನು ಟಿವಿ ನೋಡ್ಕೊಂಡು ನನ್ನ ಮೊಮ್ಮಗನ್ನ ಕುಯ್ತೀಯಾ?"

ರೊವೀನಾ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಕೈ ಚಾಚಿದಳು. ಅಷ್ಟರಲ್ಲಿ ಪೆನ್ನು ಅತ್ತೆಯ ತುರುಬು ಸೇರಿತ್ತು.

ಅವಸರವೇನೂ ಇರಲಿಲ್ಲ. ವಾಂತಿಯಿಂದ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರುಪೇರಾಗಿತ್ತು. ಒಂದು ದಿನ ಡ್ರಿಪ್ ಕೊಟ್ಟು ಅದನ್ನು ಸರಿಮಾಡದೆ ಅರಿವಳಿಕೆ ಕೊಡುವಂತಿರಲಿಲ್ಲ. ಹಾಗಾಗಿ ಡಾಕ್ಟರಿಗೆ ಒಂದು ದಿನ ಸಿಕ್ಕಿತು. ಲೋಲಾಗೂ.

ಮಧ್ಯಾಹ್ನ ಡಾಕ್ಟರು ಅವಳನ್ನು ತಮ್ಮ ಕೋಣೆಗೆ ಕರೆದರು. ಅಲ್ಲಿ ಅವರು ಅಭ್ಯಾಸ ಮಾಡುವ ಪೆಟ್ಟಿಗೆಯಿತ್ತು. ಬಿಸ್ಕತ್ತಿನ ಹಳೇ ಡಬ್ಬ, ಮುಚ್ಚಳದಲ್ಲಿ ಮೂರು ತೂತು, ಒಳಗೊಂದು ಕ್ಯಾಮೆರಾ, ಹೊರಗೆ ಟಿವಿ. ಕಡ್ಡಿಯಂಥ ಎರಡು ಉದ್ದ ಉಪಕರಣಗಳನ್ನು ತೂತಿನಲ್ಲಿ ಇಳಿಸಿ ಅವಳ ಕೈಗೇ ಕೊಟ್ಟರು.

ಲೋಲಾ ಕೈಯನ್ನು ಬಲಕ್ಕೆ ತಿರುಗಿಸಿದಳು. ಟಿವಿಯಲ್ಲಿ ಕಡ್ಡಿಯ ತುದಿ ಎಡಕ್ಕೆ ಹೋಯಿತು.

"ಇದೂ ನನ್ನ ಗಂಡನ ಜಾತೀನೇ," ಎಂದಳು. ಆದರೂ ಬಿಡಲಿಲ್ಲ. ಒಂದು ಗಂಟೆ ಒದ್ದಾಡಿ ಒಳಗಿದ್ದ ಗುಂಡಿಯನ್ನು ಎತ್ತಿ ಬಟ್ಟಲಿಗೆ ಹಾಕಿದಳು. "ನನಗೆ ಗುಂಡಿ ಎತ್ತೋಕೆ ಎರಡು ವಾರ ಬೇಕಾಯ್ತು, ಲೋಲಾ," ಎಂದರು ಡಾಕ್ಟರು.

"ಅದನ್ನ ನನ್ನ ಮುಂದೆ ಹೇಳಬಾರದಿತ್ತು ಮಗಾ," ಎಂದಳು ಅವಳು. ನಂತರ ಕೇಳಿದಳು, "ಮೇಲಿನ ಮಾಂಸ ಸೀಳ್ತೀನಿ ಅಂದ್ಯಲ್ಲ, ಅದರ ಕೆಳಗೆ ಏನಿದೆ?"

"ತೆಳು ಪೊರೆ. ಅದು ಹರೀಬಾರದು."

"ಹರಿದ್ರೆ?"

"ಅಲ್ಲೇ ಹೊಲೀತೀನಿ. ಆಮೇಲೆ ಬಂದು ನಿಮಗೆ ಹೇಳ್ತೀನಿ."

ಲೋಲಾ ಎದ್ದು ಹೋದಳು. ಅರ್ಧ ಗಂಟೆಯ ಮೇಲೆ ಬಂದಾಗ ಅವಳ ಕೈಯಲ್ಲಿ ತನ್ನ ಕಸೂತಿ ಚೀಲದಿಂದ ತೆಗೆದು ಹೊಲಿದ ಬಟ್ಟೆಯ ಮೂರು ತುಂಡುಗಳಿದ್ದವು. ಪ್ರತಿಯೊಂದಕ್ಕೂ ಮೇಲೊಂದು ದಪ್ಪ ಹತ್ತಿಬಟ್ಟೆ, ಕೆಳಗೆ ಅಂಟಿಸಿದಂತೆ ಹೊಲಿದ ಅನಾನಸ್ ನಾರಿನ ಬಟ್ಟೆ. ಅದು ಎಷ್ಟು ತೆಳುವೆಂದರೆ ಅದರ ಮೂಲಕ ನನ್ನ ಅಂಗೈಯ ಗೆರೆ ಎಣಿಸಬಹುದಿತ್ತು. "ಮೇಲಿನದನ್ನ ಸೀಳು. ಕೆಳಗಿನದರಲ್ಲಿ ಒಂದು ಎಳೆ ಕೂಡ ಅಲ್ಲಾಡಬಾರದು. ಆಮೇಲೆ ಪೆನ್ನಿನ ಮಾತು."

ಸುದ್ದಿ ಹಬ್ಬಿ ಬಾಗಿಲಲ್ಲಿ ನರ್ಸುಗಳು ಸೇರಿದರು. ಡಾಕ್ಟರು ಮೊದಲ ತುಂಡನ್ನು ಡಬ್ಬದಲ್ಲಿಟ್ಟು ಸಣ್ಣ ಅಲಗಿನಿಂದ ಗೆರೆ ಕೊರೆದರು. ಆಮೇಲೆ ಇಕ್ಕಳದ ಬಾಯಿ ಒಳಗಿಟ್ಟು ಮೆಲ್ಲಗೆ ಅಗಲಿಸಿದರು. ಸರಿಯಾಗಿ ಅದೇ ಹೊತ್ತಿಗೆ ಲೋಲಾ "ನೀರು ಕುಡಿದು ಬರ್ತೀನಿ" ಎಂದು ಬಾಗಿಲಲ್ಲಿದ್ದವರನ್ನೆಲ್ಲ ಜೊತೆಗೆ ಕರೆದುಕೊಂಡು ಹೊರಟಳು. ಕೋಣೆಯಲ್ಲಿ ಉಳಿದವರು ಡಾಕ್ಟರು ಮತ್ತು ನಾನು ಇಬ್ಬರೇ.

ಅವರು ಬಟ್ಟೆಯನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಕೆಳಗಿನ ಬಟ್ಟೆಯಲ್ಲಿ ಒಂದು ಎಳೆ ತುಂಡಾಗಿತ್ತು. ಕೂದಲಿಗಿಂತ ಸಣ್ಣ ಎಳೆ. ಬೆರಳಿನಿಂದ ಒಮ್ಮೆ ಸವರಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ಸವರಿಬಿಡಿ ಡಾಕ್ಟ್ರೇ," ಎಂದೆ ನಾನು. ಹೇಳಬಾರದಿತ್ತು, ಆದರೆ ಹೇಳಿದೆ.

ಅವರು ನನ್ನನ್ನು ಒಮ್ಮೆ ನೋಡಿ, ಬಾಗಿಲಿಗೆ ಹೋಗಿ ಕರೆದರು. "ಲೋಲಾ, ಒಂದು ಎಳೆ ಹೋಗಿದೆ. ನಾನು ಅಲಗನ್ನ ಆಳಕ್ಕೆ ಬಿಟ್ಟಿರಬೇಕು. ಇನ್ನೊಂದು ಕೊಡಿ."

ಎರಡನೆಯ ತುಂಡು ಸರಿಹೋಯಿತು. ಮೂರನೆಯದೂ. ಲೋಲಾ ಎರಡನ್ನೂ ಕನ್ನಡಕ ಹಾಕಿ, ಕನ್ನಡಕ ತೆಗೆದು ಪರೀಕ್ಷಿಸಿದಳು. ಆಮೇಲೆ ತುರುಬಿನಿಂದ ಪೆನ್ನು ಕಿತ್ತು ಸೊಸೆಗೆ ಕೊಟ್ಟಳು. "ಹಾಕಮ್ಮ ಸಹಿ. ಬೆಳಿಗ್ಗೆಯಿಂದ ಯಾಕೆ ಸುಮ್ನೆ ಕೂತಿದೀಯ?"

ಮರುದಿನ ಬೆಳಿಗ್ಗೆ ಫೆರ್ಮಿನ್‌ನನ್ನು ಒಳಗೆ ಕರೆದುಕೊಂಡು ಹೋದರು. ಲೋಲಾ, ರೊವೀನಾ ಹೊರಗಿನ ಬೆಂಚಿನಲ್ಲಿ ಕೂತರು. ಬಿಡುವಾದಾಗ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಲೋಲಾಳ ಬೆರಳುಗಳು ಸೂಜಿಯಿಲ್ಲದೆಯೇ ಗಾಳಿಯಲ್ಲಿ ಹೊಲಿಯುತ್ತಿದ್ದವು.

"ಮೊದಲನೇ ಬಟ್ಟೆ ಕೆಟ್ಟಿತ್ತಲ್ಲ. ಆದ್ರೂ ಹೇಗೆ ಒಪ್ಪಿದ್ರಿ?" ಎಂದು ಕೇಳಿದೆ.

"ಆ ಎಳೆ ಕತ್ತರಿಸಿದ್ದು ನಾನು," ಎಂದಳು ಅವಳು. "ಹೊಲಿಯೋಕೆ ಮುಂಚೆ."

ರೊವೀನಾ ಬಾಯಿ ತೆರೆದು ಕೂತಳು.

"ಕೈ ಹೇಗಿದೆ ಅಂತ ಆ ಡಬ್ಬದಲ್ಲೇ ನೋಡಿದ್ದೆ. ಚೆನ್ನಾಗಿದೆ. ಆದ್ರೆ ಬಾಗಿಲು ಮುಚ್ಚಿದ ಮೇಲೆ ಒಳಗೇನಾಯ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ಅವನ ಬಾಯಿಂದಾನೇ ಬರಬೇಕು. ಆ ಬಾಯಿ ಎಂಥದು ಅಂತ ನೋಡಬೇಕಿತ್ತು." ನನ್ನ ಕಡೆ ತಿರುಗಿದಳು. "ನಿನ್ನ ಬಾಯಿ ಎಂಥದು ಅಂತಾನೂ ಗೊತ್ತಾಯ್ತು. ನಾನು ಬಾಗಿಲ ಹಿಂದೇನೇ ಇದ್ದೆ."

ನನಗೆ ಬೆಂಚಿನ ಕೆಳಗೆ ತೂರಿಕೊಳ್ಳಬೇಕೆನಿಸಿತು.

ಮುಕ್ಕಾಲು ಗಂಟೆಗೆ ಬಾಗಿಲು ತೆರೆಯಿತು. ಡಾಕ್ಟರು ಟೋಪಿ ತೆಗೆದು, "ಪೊರೆ ಹರೀಲಿಲ್ಲ," ಎಂದರು. ರೊವೀನಾ ಅಳತೊಡಗಿದಳು. ಲೋಲಾ ಅವಳ ಬೆನ್ನು ಸವರುತ್ತ ತಾನೂ ಎರಡು ಸಲ ಮೂಗು ಒರೆಸಿಕೊಂಡಳು. ಮಗುವಿನ ಹೊಕ್ಕುಳಲ್ಲಿ ಒಂದು ಪಟ್ಟಿ, ಅಕ್ಕಪಕ್ಕದಲ್ಲಿ ಇರುವೆ ಕಚ್ಚಿದಂಥ ಎರಡು ಗುರುತು, ಅಷ್ಟೇ ಇತ್ತು.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಡಾಕ್ಟರು ಕಾಫಿ ಕುಡಿಯುತ್ತಿದ್ದಾಗ ಕತ್ತರಿಸಿದ ಎಳೆಯ ಕಥೆ ಹೇಳಿಬಿಟ್ಟೆ. ಅವರು ಲೋಟ ಕೆಳಗಿಟ್ಟರು. "ಆ ಎಳೆ ನೆನೆಸ್ಕೊಂಡು ನಿನ್ನೆ ಊಟ ಸೇರಲಿಲ್ಲ, ಪುರಿಟಾ." ಆಮೇಲೆ ಅವರ ಹೈಸ್ಕೂಲು ಮುಖದಲ್ಲಿ ಹೈಸ್ಕೂಲಿನದೇ ಒಂದು ನಗು ಮೂಡಿತು.

ಅವರು ವಾರ್ಡಿಗೆ ಹೋಗಿ ಗಂಭೀರವಾಗಿ ಹೇಳಿದರು, "ಲೋಲಾ, ಹೊಲಿಗೆ ಇನ್ನೂ ಹಸಿ. ಮಗುವಿನ ಹೊಟ್ಟೆಗೆ ವಿಶ್ರಾಂತಿ ಬೇಕು. ಎರಡು ಗಂಟೆ ತಂದೆಯ ತಾಯಿ ಮಾತ್ರ ಹತ್ತಿರ ಮಾತಾಡಬಾರದು."

"ತಂದೆಯ ತಾಯಿ ಮಾತ್ರಾನಾ?"

"ಆ ಧ್ವನೀನ ಹೊಟ್ಟೆ ಬೇಗ ಗುರುತು ಹಿಡಿಯುತ್ತೆ."

ಲೋಲಾ ತುಟಿ ಬಿಗಿದು ಕೂತಳು. ನಮ್ಮ ವಾರ್ಡು ಅಂಥ ಎರಡು ಗಂಟೆಯನ್ನು ಅದುವರೆಗೆ ಕಂಡಿರಲಿಲ್ಲ. ಅವಳ ಗಂಡ ಅನ್ನದ ಡಬ್ಬಿ ತಂದು, ಮೀನು ಮರೆತು ಬಂದಿದ್ದ. ಅವಳು ಕಣ್ಣಿನಲ್ಲೇ ಬೈದಳು. ಅವನು ನಂಬಲಾಗದೆ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತ. ರೊವೀನಾ ಮದುವೆಯಾದಾಗಿನಿಂದ ಅಷ್ಟು ಸುಖವಾಗಿ ಊಟ ಮಾಡಿದ್ದು ಅದೇ ಮೊದಲಿರಬೇಕು. ಡಾಕ್ಟರು ಬಾಗಿಲ ಬಳಿ ಹಾದುಹೋದಾಗ ಅವಳು ಎದ್ದು ನಿಂತು ಕೈಮುಗಿಯುವುದೊಂದು ಬಾಕಿ.

ಗಡಿಯಾರ ಎರಡು ಗಂಟೆ ಕಳೆದದ್ದನ್ನು ತೋರಿಸಿದಾಗ ನಾನು ಮೊದಲ ಹಾಲು ಅಳೆದು ತಂದೆ. ಫೆರ್ಮಿನ್ ಗಟಗಟನೆ ಕುಡಿದ. ನಾವೆಲ್ಲ ರೂಢಿಯಂತೆ ಮೂರು ಅಡಿ ಹಿಂದೆ ಸರಿದು ನಿಂತೆವು. ಲೋಲಾ ಸರಿಯಲಿಲ್ಲ. ಮಗು ತೇಗಿತು, ಗಲ್ಲದ ಮೇಲೆ ಒಂದು ಹನಿ ಇಳಿಯಿತು, ಅಷ್ಟೇ. ಅದು ನಿದ್ದೆ ಹೋಯಿತು.

ಲೋಲಾ ಆ ಹನಿಯನ್ನು ಹೆಬ್ಬೆರಳಿನಿಂದ ಒರೆಸಿ, ಗಡಿಯಾರ ನೋಡಿ, ಗಂಡನ ಕಡೆ ತಿರುಗಿದಳು.

"ಮೀನು ಎಲ್ಲಿ?" ಎಂದಳು.